ಅಪ್ಪನ ಬೀಡಿ ಬಿಡಿಸಬೇಕು, ಬೋಟ್ ಬಂದ್ ಶುರುವಾಗುವ ಮೊದಲು ಸಲಹೆ ಕೊಡಿ

ಬೈತಖೋಲ_ಮಗ · ಮೇ 23

ಎಲ್ಲರಿಗೂ ನಮಸ್ಕಾರ. ಕಾರವಾರದ ಬೈತಖೋಲ ಬಂದರಿನ ಹತ್ತಿರ ನಮ್ಮ ಮನೆ. ಅಪ್ಪನಿಗೆ 61 ವರ್ಷ, ಟ್ರಾಲ್ ಬೋಟಿನಲ್ಲಿ ತಾಂಡೇಲ, ಅಂದರೆ ಬೋಟ್ ನಡೆಸುವ ಮುಖ್ಯಸ್ಥ. ಹದಿನಾಲ್ಕನೇ ವಯಸ್ಸಿಗೆ ಬೋಟ್ ಹತ್ತಿದರು, ಅದೇ ವರ್ಷ ಬೀಡಿ ಹಿಡಿದರು. ದಿನಕ್ಕೆ ಒಂದು ಕಟ್ಟು ಬೇಕು. ರಾತ್ರಿ ಸಮುದ್ರದಲ್ಲೇ ಉಳಿದರೆ ಒಂದೂವರೆ ಕಟ್ಟು.

ಎರಡು ವರ್ಷದಿಂದ ಕೆಮ್ಮು ಇತ್ತು. ಉಪ್ಪುಗಾಳಿಗೆ ಕೆಮ್ಮು ಬರುತ್ತದೆ ಅಂತ ನಾವೂ ಸುಮ್ಮನಿದ್ದೆವು, ಅದು ನಮ್ಮ ತಪ್ಪು. ಈಗ ಬಂದರಿನಿಂದ ಮನೆಗೆ ಬರುವ ಸಣ್ಣ ಏರು ಹತ್ತುವಾಗ ಎರಡು ಕಡೆ ನಿಲ್ಲುತ್ತಾರೆ. ಮೊನ್ನೆ ಒಂದು ಆಸ್ಪತ್ರೆಯಲ್ಲಿ ಮಿಷನ್‌ಗೆ ಊದಿಸಿದರು. ಸಿಒಪಿಡಿ ಅಂದರು, ಶ್ವಾಸನಾಳ ಕಿರಿದಾಗಿ ದಮ್ಮು ಕಟ್ಟುವ ಕಾಯಿಲೆಯಂತೆ. ಉಸಿರು ಇರಬೇಕಾದ್ದರಲ್ಲಿ ಅರ್ಧದಷ್ಟೇ ಇದೆಯಂತೆ. ಕಫ ಪರೀಕ್ಷೆಯಲ್ಲಿ ಟಿಬಿ ಇಲ್ಲ ಅಂತ ಬಂತು, ಅದೊಂದು ಸಮಾಧಾನ. ಇನ್ಹೇಲರ್ ಬರೆದುಕೊಟ್ಟರು, "ಬೀಡಿ ಬಿಡಿ" ಅಂದರು, ಮುಂದಿನವರನ್ನು ಕರೆದರು. ಹೇಗೆ ಬಿಡಬೇಕು ಅಂತ ಒಂದು ಮಾತೂ ಹೇಳಲಿಲ್ಲ.

ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ, ಬೋಟ್ ಬಂದ್. 61 ದಿನ ಅಪ್ಪ ದಡದಲ್ಲೇ ಇರುತ್ತಾರೆ. ಅಷ್ಟರಲ್ಲಿ ಬಿಡಿಸಬಹುದು ಅಂತ ನನ್ನ ಯೋಚನೆ. ಆದರೆ ಕೇರಿಯಲ್ಲಿ ಎಲ್ಲರೂ ಹೆದರಿಸುತ್ತಿದ್ದಾರೆ. ಇಷ್ಟು ವರ್ಷದ ಚಟ ಒಮ್ಮೆಲೇ ಬಿಟ್ಟರೆ ದೇಹ ತಡೆಯುವುದಿಲ್ಲ, ಇಂಥವರು ಬೀಡಿ ಬಿಟ್ಟು ಆರೇ ತಿಂಗಳಿಗೆ ಹೋದರು ಅಂತ ಲೆಕ್ಕ ಕೊಡುತ್ತಾರೆ. ಇದು ನಿಜವಾ? ಮನೆಯಲ್ಲಿ ಯಾರಾದರೂ ಬಿಡಿಸಿದವರಿದ್ದರೆ ದಯವಿಟ್ಟು ಬರೆಯಿರಿ.

ಕುಮಟೆ_ನರ್ಸಕ್ಕ · ಮೇ 23

ತಮ್ಮಾ, ಮೊದಲು ಆ ಹೆದರಿಕೆ ಬಿಡು. ಬೀಡಿ ಸಿಗರೇಟು ಒಮ್ಮೆಲೇ ಬಿಟ್ಟರೆ ಜೀವಕ್ಕೆ ಏನೂ ಆಗುವುದಿಲ್ಲ. ಸಿಟ್ಟು ಬರುತ್ತದೆ, ನಿದ್ದೆ ಕೆಡುತ್ತದೆ, ತಲೆ ಭಾರ ಅನ್ನಿಸುತ್ತದೆ, ಹಸಿವು ಜಾಸ್ತಿ ಆಗುತ್ತದೆ. ಮೊದಲ ವಾರ ಬಹಳ ಕಷ್ಟ. ಮೂರು ನಾಲ್ಕು ವಾರದಲ್ಲಿ ಹೆಚ್ಚಿನದೆಲ್ಲ ಇಳಿಯುತ್ತದೆ. ನಿನಗೆ 61 ದಿನ ಸಿಕ್ಕಿದೆ, ಅಷ್ಟು ಸಾಕು.

ಬಿಟ್ಟು ಆರು ತಿಂಗಳಿಗೆ ಹೋದರು ಅನ್ನುತ್ತಾರಲ್ಲ, ಅವರು ಯಾಕೆ ಬಿಟ್ಟಿದ್ದರು ಅಂತ ಕೇಳಿ ನೋಡು. ನಾನು ವಾರ್ಡಿನಲ್ಲಿ ಇಪ್ಪತ್ತು ವರ್ಷ ನೋಡಿದ್ದು ಇದನ್ನೇ. ಎದೆ ನೋವು ಬಂದ ಮೇಲೆ, ಕಫದಲ್ಲಿ ರಕ್ತ ಬಂದ ಮೇಲೆ, ಸೇದಲು ಉಸಿರೇ ಸಾಲದೇ ಹೋದ ಮೇಲೆ ಬಿಡುತ್ತಾರೆ. ರೋಗ ಅಷ್ಟೊತ್ತಿಗೆ ಒಳಗೆ ಕೂತಾಗಿರುತ್ತದೆ. ಜನ ಮಾತ್ರ ಬೀಡಿ ಬಿಟ್ಟಿದ್ದಕ್ಕೇ ಹೋದರು ಅನ್ನುತ್ತಾರೆ.

ಒಂದು ವಿಷಯ ಮಾತ್ರ ನೋಡಿಕೋ. ಅಪ್ಪ ದಿನವೂ ಸಾರಾಯಿ ಕುಡಿಯುತ್ತಾರಾ? ದಿನವೂ ಜಾಸ್ತಿ ಕುಡಿಯುವವರು ಅದನ್ನು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಅದು ನಿಜವಾಗಿಯೂ ಅಪಾಯ, ಡಾಕ್ಟರ್ ನೋಡಿಕೊಂಡೇ ಬಿಡಿಸಬೇಕು. ನಮ್ಮ ಕಡೆ ಈ ಎರಡನ್ನೂ ಒಂದೇ ಅಂತ ತಿಳಿಯುತ್ತಾರೆ, ಅಲ್ಲಿಂದಲೇ ಈ ಹೆದರಿಕೆ ಬಂದಿರಬೇಕು.

61ಕ್ಕೆ ಬಿಟ್ಟು ಏನು ಪ್ರಯೋಜನ ಅಂತ ಅಪ್ಪ ಕೇಳೇ ಕೇಳುತ್ತಾರೆ. ಇಂಗ್ಲೆಂಡಿನಲ್ಲಿ 1951ರಿಂದ ಡಾಕ್ಟರುಗಳನ್ನೇ ಐವತ್ತು ವರ್ಷ ಹಿಂಬಾಲಿಸಿ ಮಾಡಿದ ಅಧ್ಯಯನ ಇದೆ. ಬಿಡದೇ ಸೇದಿದವರು ಸರಾಸರಿ ಹತ್ತು ವರ್ಷ ಮೊದಲು ಸತ್ತರು. 30ಕ್ಕೆ ಬಿಟ್ಟವರಿಗೆ ಆ ಹತ್ತು ವರ್ಷ ಪೂರ್ತಿ ಉಳಿಯಿತು, 40ಕ್ಕೆ ಬಿಟ್ಟವರಿಗೆ 9, 50ಕ್ಕೆ ಬಿಟ್ಟವರಿಗೆ 6, 60ಕ್ಕೆ ಬಿಟ್ಟವರಿಗೂ 3 ವರ್ಷ. ಮೂರು ವರ್ಷ ಅಂದರೆ ಮೊಮ್ಮಗ ಶಾಲೆಗೆ ಹೋಗುವುದನ್ನು ನೋಡಿಕೊಂಡು ಇರಬಹುದು, ಸಣ್ಣದಲ್ಲ.

ಸಿಒಪಿಡಿಯಲ್ಲಿ ಹಾಳಾದ ಶ್ವಾಸಕೋಶ ಮತ್ತೆ ಹೊಸದಾಗುವುದಿಲ್ಲ, ಅದನ್ನು ನೇರವಾಗಿಯೇ ಹೇಳುತ್ತೇನೆ. ಆದರೆ ಸೇದುತ್ತಾ ಹೋದರೆ ಉಳಿದ ಅರ್ಧವೂ ಬೇಗ ಬೇಗ ಇಳಿಯುತ್ತದೆ. ಬಿಟ್ಟರೆ ಆ ಇಳಿತ ನಿಧಾನವಾಗುತ್ತದೆ. ಅಪ್ಪ ಇನ್ನೂ ಬೋಟ್ ಹತ್ತಬೇಕು ಅನ್ನುವುದಾದರೆ ಆ ಉಳಿದ ಅರ್ಧವನ್ನು ಕಾಪಾಡಿಕೊಳ್ಳಬೇಕು. ಇನ್ಹೇಲರ್ ಚಟವಾಗುತ್ತದೆ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡ. ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗಿಯಲಿ, ಅಷ್ಟೇ.

ಬೈತಖೋಲ_ಮಗ · ಮೇ 24

ಅಕ್ಕಾ, ತುಂಬಾ ಧೈರ್ಯ ಬಂತು. ಅಪ್ಪ ಹಬ್ಬ ಜಾತ್ರೆಗೆ ಮಾತ್ರ ಕುಡಿಯುತ್ತಾರೆ, ದಿನವೂ ಇಲ್ಲ. ನಿನ್ನೆ ರಾತ್ರಿ ಮಾತು ತೆಗೆದೆ. ಬೈಯಲಿಲ್ಲ. ಆದರೆ ಎರಡು ಮಾತು ಹೇಳಿದರು. ಬೆಳಿಗ್ಗೆ ಎದ್ದ ಕೂಡಲೇ ಒಂದು ಬೀಡಿ ಸೇದದಿದ್ದರೆ ಹೊಟ್ಟೆ ಖಾಲಿ ಆಗುವುದಿಲ್ಲವಂತೆ. ಮಳೆಯಲ್ಲಿ, ರಾತ್ರಿ ಸಮುದ್ರದಲ್ಲಿ ಚಳಿಗೆ ಬೀಡಿ ಬೇಕೇ ಬೇಕಂತೆ. ಇದಕ್ಕೆ ಏನು ಹೇಳಲಿ?

ಶಿರಸಿ_ತೋಟದಮನೆ · ಮೇ 24

ಹೊಟ್ಟೆಯ ಮಾತು ಸುಳ್ಳಲ್ಲ. ನಾನೂ ಅದೇ ಕಾರಣ ಹೇಳಿಕೊಂಡು ಎಂಟು ವರ್ಷ ತಳ್ಳಿದೆ. ನಿಕೋಟಿನ್ ಕರುಳನ್ನು ಚುರುಕು ಮಾಡುತ್ತದೆ, ಅದು ನಿಂತಾಗ ಸ್ವಲ್ಪ ದಿನ ಮಲಬದ್ಧತೆ ಆಗುತ್ತದೆ. ಎರಡು ಮೂರು ವಾರ ಅಷ್ಟೇ. ಎದ್ದ ಕೂಡಲೇ ದೊಡ್ಡ ಲೋಟ ಬಿಸಿನೀರು, ರಾತ್ರಿ ಊಟದ ನಂತರ ಬಾಳೆಹಣ್ಣು, ಬಸಳೆ ಹರಿವೆ ಏನು ಸಿಕ್ಕರೂ ಪಲ್ಯ. ನನಗೆ ಇಷ್ಟು ಸಾಕಾಯಿತು. ಆಗದಿದ್ದರೆ ಇಸಬಗೋಲು ಇದೆ. ಚಳಿಯ ಮಾತು ಮಾತ್ರ ಉಲ್ಟಾ. ನಿಕೋಟಿನ್ ಚರ್ಮದ ರಕ್ತನಾಳವನ್ನು ಬಿಗಿ ಮಾಡುತ್ತದೆ. ಕೈಬೆರಳು ಇನ್ನೂ ತಣ್ಣಗಾಗುತ್ತದೆ. ಬೆಚ್ಚಗಾದಂತೆ ಅನ್ನಿಸುವುದು ಬೆಂಕಿ ಮುಖದ ಹತ್ತಿರ ಇರುವುದರಿಂದ.

ನಾನು ಬರೆಯಬೇಕು ಅಂತ ಕೂತಿದ್ದು ಬೇರೆ ವಿಷಯಕ್ಕೆ. 2015ರಲ್ಲಿ ಸಿಗರೇಟು ಬಿಟ್ಟೆ. ಎಲ್ಲರೂ ಹೊಗಳಿದರು. ಆದರೆ ಬಾಯಿಗೆ ಏನಾದರೂ ಬೇಕಲ್ಲ, ಕವಳ ಶುರು ಮಾಡಿದೆ. ನಮ್ಮ ಮನೆಯಲ್ಲಿ ಕವಳದ ಬಟ್ಟಲು ಜಗುಲಿಯಲ್ಲೇ ಇರುತ್ತದೆ, ಬಂದವರಿಗೆ ಮೊದಲು ನೀರು ಬೆಲ್ಲ, ಆಮೇಲೆ ಕವಳ. ಮೊದಮೊದಲು ಬರೀ ಎಲೆ ಅಡಕೆ ಸುಣ್ಣ. ಆರು ತಿಂಗಳಿಗೆ ಅದಕ್ಕೆ ಹೊಗೆಸೊಪ್ಪು ಸೇರಿತು. ಹೊಗೆ ಇಲ್ಲ ಅಂದ ಮೇಲೆ ಏನು ತೊಂದರೆ ಅಂತ ನನ್ನ ಲೆಕ್ಕ. ನಾಲ್ಕು ವರ್ಷದ ಮೇಲೆ ಕೆನ್ನೆ ಒಳಗೆ ಬಿಳಿ ಮಚ್ಚೆ ಬಂತು. ಖಾರ ತಿಂದರೆ ಉರಿ. ಬಾಯಿಗೆ ಮೂರು ಬೆರಳು ಹೋಗುತ್ತಿದ್ದದ್ದು ಎರಡಕ್ಕೆ ನಿಂತಿತು. ತುಂಡು ತೆಗೆದು ಪರೀಕ್ಷೆಗೆ ಹುಬ್ಬಳ್ಳಿಗೆ ಕಳಿಸಿದರು. ವರದಿ ಬರುವವರೆಗೆ ನಾನು ಆಯಿಯ ಮುಖ ನೋಡಲು ಆಗದೆ ತೋಟದಲ್ಲೇ ಇರುತ್ತಿದ್ದೆ. ಕ್ಯಾನ್ಸರ್ ಇರಲಿಲ್ಲ. ಆ ದಿನವೇ ಎರಡನ್ನೂ ಬಿಟ್ಟೆ.

ಅಡಕೆ ಬೆಳೆಗಾರನಾಗಿ ಇದನ್ನು ಬರೆಯುವುದು ಕಷ್ಟ. ನಮ್ಮ ಶಿರಸಿ ಅಡಕೆಗೆ 2019ರಲ್ಲಿ ಜಿಐ ಟ್ಯಾಗ್ ಬಂದಾಗ ನಾವೆಲ್ಲ ಸಂತೋಷಪಟ್ಟವರೇ. ನಮ್ಮ ಅನ್ನ ಅದರಿಂದಲೇ. ಆದರೂ ಅಡಕೆ ಜಗಿಯುವುದರಿಂದಲೇ ಬಾಯಿ ಬಿಗಿಯುತ್ತದೆ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಅಡಕೆಯನ್ನೂ ಕ್ಯಾನ್ಸರ್ ತರುವ ವಸ್ತು ಅಂತಲೇ ಗುರುತಿಸಿದೆ, ಹೊಗೆಸೊಪ್ಪು ಸೇರಿದರೆ ಇನ್ನೂ ಜಾಸ್ತಿ. ಇದನ್ನು ಮುಚ್ಚಿಟ್ಟುಕೊಂಡು ಇನ್ನೊಬ್ಬರ ಅಪ್ಪನಿಗೆ ಸಲಹೆ ಕೊಡಲು ನನ್ನಿಂದ ಆಗುವುದಿಲ್ಲ. ಬೀಡಿ ಬಿಡಿಸುವಾಗ ಬದಲಿಗೆ ಕವಳ, ತಂಬಾಕು, ನಸ್ಯ ಯಾವುದನ್ನೂ ಹಿಡಿಸಬೇಡಿ.

ಸದಾಶಿವಗಡ_ಕಾಳಿತೀರ · ಮೇ 25

ನಾನು ಬೇರೆ ಥರ ಹೇಳುತ್ತೇನೆ, ಬೇಸರ ಮಾಡಬೇಡಿ. ನನ್ನ ಅಜ್ಜ 88 ವರ್ಷದವರೆಗೆ ಬೀಡಿ ಸೇದಿದರು. ಕೊನೆಯವರೆಗೂ ಗದ್ದೆಗೆ ಹೋಗುತ್ತಿದ್ದರು. ಬೀಡಿ ಅಂದರೆ ಎಲೆ ಮತ್ತು ಸೊಪ್ಪು, ಸಿಗರೇಟಿನ ಹಾಗೆ ಕಾಗದ ಕೆಮಿಕಲ್ ಇಲ್ಲ. ಬೋಟಿನ ಡೀಸೆಲ್ ಹೊಗೆ, ಹೆದ್ದಾರಿಯ ಧೂಳು, ಇದೆಲ್ಲ ಶ್ವಾಸಕೋಶಕ್ಕೆ ಹೋಗುತ್ತಲೇ ಇದೆ. ರಾತ್ರಿ ಇಡೀ ಬಲೆ ಎಳೆಯುವವನಿಗೆ ಇರುವ ಸುಖ ಅದೊಂದೇ. 61 ವರ್ಷದ ಮನುಷ್ಯನಿಂದ ಅದನ್ನೂ ಕಿತ್ತುಕೊಂಡರೆ ಹೇಗೆ?

ಹೊನ್ನಾವರ_ಶರಾವತಿ · ಮೇ 25

ಅಣ್ಣಾ, ನಿಮ್ಮ ಅಜ್ಜ ಬದುಕಿದ್ದು ಒಳ್ಳೆಯದಾಯಿತು. ಅವರ ವಾರಿಗೆಯ ಬೀಡಿ ಸೇದುವವರು ಎಷ್ಟು ಜನ 88 ಮುಟ್ಟಿದರು ಅಂತ ಒಮ್ಮೆ ನೆನಪು ಮಾಡಿಕೊಳ್ಳಿ. ಹೋದವರು ಬಂದು ತಮ್ಮ ಕಥೆ ಹೇಳುವುದಿಲ್ಲ. ಹಾಗಾಗಿ ನಮ್ಮ ಚಿಕ್ಕಪ್ಪನ ಕಥೆ ನಾನು ಹೇಳುತ್ತೇನೆ.

ಚಿಕ್ಕಪ್ಪ ಕೊನೆಗೌಡ. ಶಿರಸಿ, ಸಿದ್ದಾಪುರ ಕಡೆ ಅಡಕೆ ಕೊನೆ ಕೊಯ್ಯಲು, ಮಳೆಗಾಲದಲ್ಲಿ ಮದ್ದು ಹೊಡೆಯಲು ಹೋಗುತ್ತಿದ್ದ. ಒಂದು ಮರದಿಂದ ಇನ್ನೊಂದು ಮರಕ್ಕೆ ಮೇಲಿಂದಲೇ ಹಾಯುತ್ತಿದ್ದ, ಅಂಥ ಕಾಲು. 34ನೇ ವಯಸ್ಸಿಗೆ ನಡೆದರೆ ಪಾದ ಹಿಡಿದುಕೊಳ್ಳುತ್ತಿತ್ತು. ನಿಂತರೆ ಕಡಿಮೆ. ವಾತ ಅಂತ ಎಣ್ಣೆ ತಿಕ್ಕಿದೆವು. ಆಮೇಲೆ ಹೆಬ್ಬೆರಳಿನ ತುದಿ ಕಪ್ಪಾಯಿತು. ರಾತ್ರಿ ನೋವಿಗೆ ಕಾಲನ್ನು ಮಂಚದಿಂದ ಕೆಳಗೆ ಇಳಿಬಿಟ್ಟು ಕೂತೇ ನಿದ್ದೆ ಮಾಡುತ್ತಿದ್ದ. ಮಣಿಪಾಲಕ್ಕೆ ಕರೆದುಕೊಂಡು ಹೋದಾಗ ಬರ್ಗರ್ ಕಾಯಿಲೆ ಅಂದರು. ಕೈಕಾಲಿನ ಸಣ್ಣ ರಕ್ತನಾಳಗಳು ಊದಿಕೊಂಡು ಮುಚ್ಚಿಕೊಳ್ಳುತ್ತವೆ. ಇದು ಬರುವುದು ಹೆಚ್ಚಾಗಿ ತಂಬಾಕು ಸೇದುವ ಚಿಕ್ಕ ವಯಸ್ಸಿನ ಗಂಡಸರಿಗೆ. ಡಾಕ್ಟರ್ ಹೇಳಿದ್ದು ಒಂದೇ ಮಾತು. ಔಷಧಿ ಏನು ಕೊಟ್ಟರೂ ಬೀಡಿ ಪೂರ್ತಿ ನಿಲ್ಲಿಸದೆ ಇದು ನಿಲ್ಲುವುದಿಲ್ಲ, ದಿನಕ್ಕೆ ಒಂದು ಸೇದಿದರೂ ಮುಂದುವರಿಯುತ್ತದೆ.

ಚಿಕ್ಕಪ್ಪ ಕಡಿಮೆ ಮಾಡಿದ, ಬಿಡಲಿಲ್ಲ. ನಾವೂ ಕಡಿಮೆ ಮಾಡಿದ್ದಾನಲ್ಲ ಅಂತ ಸುಮ್ಮನಾದೆವು. ಒಂದು ಬೆರಳು ತೆಗೆದರು. ಮುಂದಿನ ವರ್ಷ ಇನ್ನೆರಡು. ಮೂರನೇ ಸಲ ಮೊಣಕಾಲಿನ ಕೆಳಗೆ. ಆಗ ಬಿಟ್ಟ. ಬಿಟ್ಟ ಮೇಲೆ ಇನ್ನೊಂದು ಕಾಲು ಉಳಿಯಿತು, ಇವತ್ತಿಗೂ ಚೆನ್ನಾಗಿದೆ. ಮೊದಲನೇ ಬೆರಳಿಗೇ ಬಿಟ್ಟಿದ್ದರೆ ಮರ ಹತ್ತುವುದು ನಿಲ್ಲುತ್ತಿರಲಿಲ್ಲ. ನಿಮ್ಮ ಮಾತು ಓದಿ ಇದನ್ನು ಬರೆಯದೆ ಇರಲು ಆಗಲಿಲ್ಲ. ಬೀಡಿಯನ್ನು ಸುಖ ಅನ್ನಬೇಡಿ ಅಣ್ಣಾ.

ಕುಮಟೆ_ನರ್ಸಕ್ಕ · ಮೇ 25

ಬೀಡಿ ಬರೀ ಎಲೆ ಅನ್ನುವುದರ ಬಗ್ಗೆ. ಬೀಡಿ ಎಲೆಯಿಂದ ಗಾಳಿ ಸಿಗರೇಟು ಕಾಗದದಷ್ಟು ಸುಲಭವಾಗಿ ಹಾಯುವುದಿಲ್ಲ. ಆರಿಹೋಗದ ಹಾಗೆ ಮೇಲಿಂದ ಮೇಲೆ, ಜೋರಾಗಿ ಎಳೆಯಬೇಕು. ಸೊಪ್ಪು ಸಿಗರೇಟಿಗಿಂತ ಕಡಿಮೆ ಇದ್ದರೂ ಟಾರ್, ಕಾರ್ಬನ್ ಮೊನಾಕ್ಸೈಡ್ ಕಡಿಮೆ ಏನೂ ಹೋಗುವುದಿಲ್ಲ, ಜಾಸ್ತಿಯೇ ಹೋಗುತ್ತದೆ. ಕೆಮಿಕಲ್ ಯಾರೂ ಬೆರೆಸಬೇಕಾಗಿಲ್ಲ. ತಂಬಾಕು ಸುಟ್ಟರೆ ಸಾಕು, ಹೊಗೆಯಲ್ಲಿ 7000ಕ್ಕೂ ಹೆಚ್ಚು ರಾಸಾಯನಿಕ ಇರುತ್ತವೆ, ಅದರಲ್ಲಿ ಸುಮಾರು 70 ಕ್ಯಾನ್ಸರ್ ತರುವಂಥವು. ನಮ್ಮ ದೇಶದಲ್ಲೇ ಲಕ್ಷಾಂತರ ಮನೆಗಳ ಸಾವಿನ ಲೆಕ್ಕ ನೋಡಿ 2008ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಬೀಡಿ ಸೇದುವ ಗಂಡಸರು ಸುಮಾರು 6 ವರ್ಷ, ಬೀಡಿ ಸೇದುವ ಹೆಂಗಸರು ಸುಮಾರು 8 ವರ್ಷ, ಸಿಗರೇಟು ಸೇದುವ ಗಂಡಸರು ಸುಮಾರು 10 ವರ್ಷ ಆಯಸ್ಸು ಕಳೆದುಕೊಳ್ಳುತ್ತಾರೆ.

ಶ್ವಾಸಕೋಶದ ಕ್ಯಾನ್ಸರ್ ಒಂದನ್ನೇ ಜನ ನೆನೆಯುತ್ತಾರೆ. ನಾನು ಹೆಚ್ಚು ನೋಡಿದ್ದು ಹೃದಯಾಘಾತ, ಲಕ್ವ, ಟಿಬಿ, ಈ ದಮ್ಮಿನ ಕಾಯಿಲೆ. ಸೇದುವವರಿಗೆ ಟಿಬಿ ಬರುವ ಸಂಭವ ಸುಮಾರು ಎರಡು ಪಟ್ಟು. ಎರಡು ವಾರ ದಾಟಿದ ಕೆಮ್ಮು ಯಾರಿಗೇ ಇರಲಿ, ಉಪ್ಪುಗಾಳಿ ಅಂತ ಬಿಡಬೇಡಿ, ಕಫ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲ.

ಡೀಸೆಲ್ ಹೊಗೆ, ಧೂಳು ಕೆಟ್ಟದ್ದೇ, ನಾನು ಒಪ್ಪುತ್ತೇನೆ. ಅದು ಇದೆ ಅಂತಲೇ ಬೀಡಿ ಬಿಡಬೇಕು. ಎರಡೂ ಒಂದೇ ಎದೆಗೆ ಹೋಗುವುದು ಅಲ್ವಾ?

ಸದಾಶಿವಗಡ_ಕಾಳಿತೀರ · ಮೇ 26

ಚಿಕ್ಕಪ್ಪನ ಕಥೆ ಓದಿ ರಾತ್ರಿ ನಿದ್ದೆ ಬರಲಿಲ್ಲ. ಕ್ಷಮಿಸಿ. ನಿಜ ಹೇಳಬೇಕೆಂದರೆ ನಾನೂ ಸೇದುತ್ತೇನೆ, ಅದಕ್ಕೇ ಅಜ್ಜನ ಮಾತು ತಂದೆ. ಆದರೆ ಬೀಡಿ ಇಲ್ಲ, ದಿನಕ್ಕೆ ಎರಡು ಸಿಗರೇಟು. ಚಹಾದ ಜೊತೆ ಒಂದು, ರಾತ್ರಿ ಊಟ ಆದಮೇಲೆ ಒಂದು. ಪ್ಯಾಕ್ ಇಟ್ಟುಕೊಳ್ಳುವುದಿಲ್ಲ, ಗೂಡಂಗಡಿಯಲ್ಲಿ ಬಿಡಿಯಾಗಿ ತೆಗೆದುಕೊಳ್ಳುತ್ತೇನೆ. ವಯಸ್ಸು 37. ಎರಡಕ್ಕೆ ಅಷ್ಟು ತೊಂದರೆ ಇದೆಯಾ?

ಯಲ್ಲಾಪುರ_ಮೇಷ್ಟ್ರು · ಮೇ 26

ಧೈರ್ಯವಾಗಿ ಹೇಳಿಕೊಂಡಿರಿ, ಅದಕ್ಕೇ ಉತ್ತರ ಬರೆಯುತ್ತಿದ್ದೇನೆ. ನಾನೂ "ಎರಡೇ" ಅನ್ನುತ್ತಿದ್ದವನು. ದಿನಕ್ಕೆ ಇಪ್ಪತ್ತು ಸೇದುವವನಿಗೆ ನೂರು ಪಾಲು ಅಪಾಯ ಇದ್ದರೆ ಒಂದೇ ಸೇದುವವನಿಗೆ ಐದು ಪಾಲು ಇರಬೇಕು ಅಂತ ನಾವು ಲೆಕ್ಕ ಹಾಕುತ್ತೇವೆ. ಹೃದಯದ ವಿಷಯದಲ್ಲಿ ಅದು ಹಾಗಿಲ್ಲ. ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ ಲೆಕ್ಕ 2018ರಲ್ಲಿ ಬಂತು. ದಿನಕ್ಕೆ ಒಂದೇ ಸಿಗರೇಟು ಸೇದುವವನಿಗೂ ಇಪ್ಪತ್ತು ಸೇದುವವನಿಗೆ ಇರುವ ಹೆಚ್ಚುವರಿ ಹೃದಯಾಘಾತದ ಅಪಾಯದಲ್ಲಿ ಸುಮಾರು ಅರ್ಧದಷ್ಟು ಇದೆ. ರಕ್ತ ಹೆಪ್ಪುಗಟ್ಟಲು, ನಾಳ ಬಿಗಿಯಲು ಸ್ವಲ್ಪ ಹೊಗೆಯೇ ಸಾಕು. ಅದಕ್ಕೇ ಕಡಿಮೆ ಮಾಡಿದ್ದೇನೆ ಅನ್ನುವುದು ಅರ್ಧ ದಾರಿಯೂ ಅಲ್ಲ.

ಬಿಡಿ ಸಿಗರೇಟಿನ ಮಾತು ಬಂತು. ಕರ್ನಾಟಕದಲ್ಲಿ 2017ರಲ್ಲೇ ಬಿಡಿಯಾಗಿ ಮಾರುವುದನ್ನು ನಿಷೇಧಿಸಿದ್ದಾರೆ. ಪ್ಯಾಕಿನ ಎರಡೂ ಕಡೆ ಶೇ. 85ರಷ್ಟು ಜಾಗದಲ್ಲಿ ರೋಗದ ಚಿತ್ರ ಇರುತ್ತದೆ. ಬಿಡಿ ತೆಗೆದುಕೊಳ್ಳುವವನು ಆ ಚಿತ್ರವನ್ನು ನೋಡುವುದೇ ಇಲ್ಲ. ಹುಡುಗರ ಕೈಗೂ ಮೊದಲು ಸಿಗುವುದು ಬಿಡಿ ಸಿಗರೇಟೇ, ಪ್ಯಾಕ್ ಕೊಳ್ಳಲು ಅವರ ಹತ್ತಿರ ದುಡ್ಡಿರುವುದಿಲ್ಲ. 2025ರಲ್ಲಿ ತಂಬಾಕು ಕಾಯ್ದೆಗೆ ರಾಜ್ಯ ತಂದ ಹೊಸ ತಿದ್ದುಪಡಿ ಜಾರಿಗೆ ಬಂತು. 21 ವರ್ಷದ ಒಳಗಿನವರಿಗೆ ಮಾರುವಂತಿಲ್ಲ, ಶಾಲೆಯಿಂದ 100 ಮೀಟರ್ ಒಳಗೆ ಮಾರುವಂತಿಲ್ಲ, ಸಾರ್ವಜನಿಕ ಜಾಗದಲ್ಲಿ ಸೇದಿದರೆ 1000 ರೂಪಾಯಿ ದಂಡ. ಮೊದಲು 200 ಇತ್ತು. ಆದರೆ ನಾನು ಪಾಠ ಮಾಡುವ ಊರಿನಲ್ಲಿ ಎಂಟನೇ ಕ್ಲಾಸಿನ ಹುಡುಗನ ಚೀಲದಲ್ಲಿ ಸಿಗರೇಟು ಸಿಕ್ಕಿತು. ಅಂಗಡಿಯವರ ಹತ್ತಿರ ನಾನೇ ಹೋಗಿ ಮಾತಾಡಿದೆ. ಜಗಳ ಮಾಡಲಿಲ್ಲ, ನಿಮ್ಮ ಮಗ ಆಗಿದ್ದರೆ ಕೊಡುತ್ತಿದ್ದಿರಾ ಅಂತ ಕೇಳಿದೆ. ಈಗ ಆ ಅಂಗಡಿಯಲ್ಲಿ ಯೂನಿಫಾರ್ಮಿನವರಿಗೆ ಕೊಡುವುದಿಲ್ಲ. ಆದರೆ ಊರಲ್ಲಿ ಇನ್ನೂ ನಾಲ್ಕು ಅಂಗಡಿ ಇದೆ.

ಅಂಕೋಲೆ_ಅಕ್ಕ · ಮೇ 27

ಸೇದುವವರ ಬಗ್ಗೆಯೇ ಎಲ್ಲರೂ ಬರೆದಿದ್ದೀರಿ. ಮನೆಯಲ್ಲಿ ಇರುವ ನಮ್ಮ ಬಗ್ಗೆ ನಾಲ್ಕು ಸಾಲು. ನಮ್ಮವರು ಜಗುಲಿಯಲ್ಲಿ ಸೇದುತ್ತಾರೆ. ಬೇಸಿಗೆಯಲ್ಲಿ ಹೊಗೆ ಹೊರಗೆ ಹೋಗುತ್ತದೆ ಅಂತ ಬಿಡಬಹುದು. ಮಳೆ ಹಿಡಿದ ಮೇಲೆ ಜೂನ್ ಜುಲೈಯಲ್ಲಿ ನಮ್ಮ ಕಡೆ ಬಾಗಿಲು ಕಿಟಕಿ ಎಲ್ಲ ಮುಚ್ಚಿರುತ್ತದೆ, ಬಟ್ಟೆ ಒಣಗುವುದೂ ಒಳಗೆ, ಮಗು ಮಲಗುವುದೂ ಒಳಗೆ. ಹೋದ ಮಳೆಗಾಲದಲ್ಲಿ ಮೊಮ್ಮಗಳಿಗೆ ಮೂರು ಸಲ ಉಬ್ಬಸ ಬಂತು. ನೆಬ್ಯುಲೈಸರ್ ಇಡಿಸಲು ರಾತ್ರಿ ಹನ್ನೊಂದಕ್ಕೆ ರಿಕ್ಷಾದಲ್ಲಿ ಹೋದದ್ದು ನಾನು ಮರೆಯುವುದಿಲ್ಲ. ಡಾಕ್ಟರ್ ಮೊದಲು ಕೇಳಿದ ಪ್ರಶ್ನೆ, ಮನೆಯಲ್ಲಿ ಯಾರು ಸೇದುತ್ತಾರೆ?

ತಾವು ಸೇದದೆ ಇನ್ನೊಬ್ಬರ ಹೊಗೆಯಿಂದಲೇ ಪ್ರಪಂಚದಲ್ಲಿ ವರ್ಷಕ್ಕೆ 10 ಲಕ್ಷಕ್ಕೂ ಹೆಚ್ಚು ಜನ ಸಾಯುತ್ತಾರೆ ಅಂತ ಓದಿದೆ. ನಾವು ಹೆಂಗಸರು ಒಲೆಯ ಹೊಗೆ ಬೇರೆ ಕುಡಿದಿದ್ದೇವೆ. ಅಡಕೆ ಬೇಯಿಸುವ ಹಂಡೆಯ ಮುಂದೆ ಕೂತವರಿಗೆ ಇನ್ನೂ ಜಾಸ್ತಿ. ಬೈತಖೋಲದ ತಮ್ಮಾ, ನಿನ್ನ ಅಮ್ಮನಿಗೂ ಕೆಮ್ಮು ಇದ್ದರೆ ಅವರನ್ನೂ ಒಮ್ಮೆ ಊದಿಸಿ ನೋಡು.

ಭಟ್ಕಳ_ಔಷಧಿಅಂಗಡಿ · ಮೇ 27

ಬೀಡಿ ಸಿಗರೇಟು ಬಿಡಲು ಜಗಿಯುವ ನಿಕೋಟಿನ್ ಗಮ್ ಬಗ್ಗೆ ಯಾರೂ ಬರೆದಿಲ್ಲ. ಜನ ಕೊಳ್ಳುತ್ತಾರೆ, ಎರಡು ದಿನಕ್ಕೆ ವಾಪಸ್ ಬಂದು ಇದು ಕೆಲಸ ಮಾಡುವುದಿಲ್ಲ ಅನ್ನುತ್ತಾರೆ. ಹೇಗೆ ತಿಂದಿರಿ ಅಂತ ಕೇಳಿದರೆ ಕವಳ ಜಗಿದಂತೆ ಜಗಿದು ರಸ ನುಂಗಿರುತ್ತಾರೆ. ಹಾಗೆ ಮಾಡಿದರೆ ಬಿಕ್ಕಳಿಕೆ, ಎದೆ ಉರಿ, ವಾಕರಿಕೆ ಬರುತ್ತದೆ. ಸರಿಯಾದ ರೀತಿ ಹೀಗೆ. ನಿಧಾನವಾಗಿ ಜಗಿಯಿರಿ. ನಾಲಿಗೆಗೆ ಖಾರ ಚುರುಕು ಗೊತ್ತಾದ ಕೂಡಲೇ ನಿಲ್ಲಿಸಿ, ಕೆನ್ನೆ ಮತ್ತು ಒಸಡಿನ ನಡುವೆ ಇಟ್ಟುಕೊಳ್ಳಿ. ಖಾರ ಹೋದ ಮೇಲೆ ಮತ್ತೆ ನಾಲ್ಕು ಸಲ ಜಗಿಯಿರಿ, ಮತ್ತೆ ಇಡಿ. ಅರ್ಧ ಗಂಟೆ ಬರುತ್ತದೆ. ಅದಕ್ಕೆ 15 ನಿಮಿಷ ಮೊದಲು ಚಹಾ, ಕಾಫಿ, ಹುಳಿ ಪಾನಕ ಬೇಡ, ಬಾಯಿಯಲ್ಲಿ ಔಷಧಿ ಹೀರುವುದೇ ಇಲ್ಲ.

ಎದ್ದ ಅರ್ಧ ಗಂಟೆಯೊಳಗೆ ಮೊದಲ ಬೀಡಿ ಬೇಕು ಅನ್ನುವವರ ಚಟ ಗಟ್ಟಿ. ಅಂಥವರಿಗೆ 2 ಮಿಲಿಗ್ರಾಂ ಸಾಲದೇ ಇರಬಹುದು. ಡಾಕ್ಟರ್ ಹತ್ತಿರ ಕೇಳಿ, 4 ಮಿಲಿಗ್ರಾಂ ಬರೆದುಕೊಡಬಹುದು, ಚರ್ಮಕ್ಕೆ ಅಂಟಿಸುವ ಪ್ಯಾಚ್ ಸೇರಿಸಬಹುದು, ಬುಪ್ರೊಪಿಯಾನ್, ವರೆನಿಕ್ಲಿನ್ ಅನ್ನುವ ಮಾತ್ರೆಗಳೂ ಇವೆ. ಫಿಟ್ಸ್ ಇರುವವರಿಗೆ ಬುಪ್ರೊಪಿಯಾನ್ ಆಗುವುದಿಲ್ಲ, ಹಾಗಾಗಿ ಸ್ವಂತವಾಗಿ ತೆಗೆದುಕೊಳ್ಳಬೇಡಿ. ಹೊನ್ನಾವರದವರ ಚಿಕ್ಕಪ್ಪನಂಥ ಕಾಯಿಲೆ ಇದ್ದರೆ ಗಮ್ ಕೂಡ ಡಾಕ್ಟರ್ ಕೇಳದೆ ಬೇಡ. ಈ-ಸಿಗರೇಟು ತರಿಸಿಕೊಡಿ ಅಂತ ಕೇಳುವವರೂ ಇದ್ದಾರೆ. 2019ರಿಂದ ದೇಶದಲ್ಲಿ ಅದರ ಮಾರಾಟವೇ ನಿಷೇಧ.

ಶಿರಸಿ_ತೋಟದಮನೆ · ಮೇ 27

ತಂಬಾಕು ಬಿಡಲು ಸಹಾಯ ಮಾಡುವವರ ಫೋನ್ ನಂಬರ್ ಬರೆದಿಡಿ, 1800-11-2356. ಪ್ಯಾಕಿನ ಮೇಲೆ ಅಚ್ಚು ಹಾಕಿರುವುದು ಇದೇ. ದುಡ್ಡು ಹೋಗುವುದಿಲ್ಲ, ಕನ್ನಡದಲ್ಲಿ ಮಾತಾಡುತ್ತಾರೆ. ನಾನು ಮಾಡಿದಾಗ ಒಬ್ಬ ಹುಡುಗಿ ಯಾವ ಹೊತ್ತಿಗೆ ಬೇಕು ಅನ್ನಿಸುತ್ತದೆ, ಜೊತೆಗೆ ಯಾರಿರುತ್ತಾರೆ ಅಂತ ಒಂದೊಂದೇ ಕೇಳಿದಳು. ಆಮೇಲೆ ಅವರೇ ತಿರುಗಿ ಫೋನ್ ಮಾಡಿದರು. ಕೇಳುವವರು ಒಬ್ಬರಿದ್ದಾರೆ ಅನ್ನುವುದೇ ನನಗೆ ದೊಡ್ಡದಾಯಿತು.

ಬೈತಖೋಲ_ಮಗ · ಜೂನ್ 6

ಮೇ 31ರ ಸಂಜೆ ಬೋಟ್ ಕಟ್ಟಿದರು. ಅದು ತಂಬಾಕು ವಿರೋಧಿ ದಿನವೂ ಹೌದು ಅಂತ ನನಗೆ ಆಮೇಲೆ ಗೊತ್ತಾಯಿತು. ಅವತ್ತು ರಾತ್ರಿ ಕೊನೆಯ ಬೀಡಿ. ಉಳಿದ ಅರ್ಧ ಕಟ್ಟನ್ನು ಅಪ್ಪನೇ ಒಲೆಗೆ ಹಾಕಿದರು. ಇವತ್ತು ಆರನೇ ದಿನ.

ಎರಡನೇ ಮೂರನೇ ದಿನ ನೋಡಲು ಆಗಲಿಲ್ಲ. ಅಮ್ಮನ ಮೇಲೆ ತಟ್ಟೆ ಕುಕ್ಕಿದರು. ರಾತ್ರಿ ಎದ್ದು ಬಂದರಿನ ಕಡೆ ನಡೆದು ಹೋದರು, ಮಳೆಯಲ್ಲೇ. ನಾನು ಛತ್ರಿ ಹಿಡಿದು ಹಿಂದೆ ಹೋದೆ, ಏನೂ ಮಾತಾಡಲಿಲ್ಲ. ಫೋನ್ ನಂಬರಿಗೆ ಮಾಡಿಸಿದೆ. ಚಹಾ ಕಂಡರೆ ಬೀಡಿ ನೆನಪಾಗುತ್ತದೆ ಅಂದರು, ಹಾಗಾಗಿ ಈಗ ಮನೆಯಲ್ಲಿ ಎಲ್ಲರಿಗೂ ಕಷಾಯ. ಕೈಗೆ ಕೆಲಸ ಬೇಕು ಅಂತ ಬಲೆ ರಿಪೇರಿ ಈ ಸಲ ಹೊರಗೆ ಕೊಡಲಿಲ್ಲ, ಅಪ್ಪನೇ ಜಗುಲಿಯಲ್ಲಿ ಕೂತು ಹೆಣೆಯುತ್ತಿದ್ದಾರೆ. ಗಮ್ ದಿನಕ್ಕೆ ಎಂಟು ಹತ್ತು ಆಗುತ್ತದೆ. ಹೊಟ್ಟೆಗೆ ಬಿಸಿನೀರು, ಇಸಬಗೋಲು. ನಿನ್ನೆಯಿಂದ ಸರಿಯಾಯಿತು ಅಂದರು.

ಒಂದು ಭಯ ಇದೆ. ಕೆಮ್ಮು ಕಡಿಮೆ ಆಗುವುದರ ಬದಲು ಜಾಸ್ತಿ ಆಗಿದೆ, ಕಫ ಬರುತ್ತಿದೆ. ನೋಡು, ಬಿಟ್ಟಿದ್ದಕ್ಕೇ ಹೀಗಾಯಿತು ಅಂತ ಪಕ್ಕದ ಮನೆಯವರು ಶುರು ಮಾಡಿದ್ದಾರೆ.

ಕುಮಟೆ_ನರ್ಸಕ್ಕ · ಜೂನ್ 6

ಹೆದರಬೇಡ. ಶ್ವಾಸನಾಳದ ಒಳಗೆ ಕಸ ಗುಡಿಸುವ ಸಣ್ಣ ಕೂದಲಿನಂಥವು ಇರುತ್ತವೆ, ಹೊಗೆಗೆ ಅವು ಮರಗಟ್ಟಿರುತ್ತವೆ. ಬಿಟ್ಟ ಮೇಲೆ ಮತ್ತೆ ಕೆಲಸ ಶುರು ಮಾಡುತ್ತವೆ. ಕೆಲವು ವಾರ ಕಫ ಬರಬಹುದು. ಜ್ವರ ಬಂದರೆ, ಕಫ ಹಸಿರಾದರೆ, ರಕ್ತ ಕಂಡರೆ, ಕೂತಲ್ಲೇ ದಮ್ಮು ಕಟ್ಟಿದರೆ ಮಾತ್ರ ಅವತ್ತೇ ಆಸ್ಪತ್ರೆಗೆ ಹೋಗು, ಬೆಳಗಾಗಲಿ ಅಂತ ಕಾಯಬೇಡ. ಮಳೆಗಾಲ, ಅಪ್ಪನ ಎದೆ ಮೊದಲೇ ಸೋತಿದೆ. ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ ಬಗ್ಗೆ ಡಾಕ್ಟರನ್ನು ಕೇಳು. ಛತ್ರಿ ಹಿಡಿದು ಹಿಂದೆ ಹೋದೆ ಅಂತ ಬರೆದಿದ್ದೀಯಲ್ಲ, ಅದನ್ನು ಓದಿ ಕಣ್ಣು ತುಂಬಿತು ತಮ್ಮಾ.

ಸದಾಶಿವಗಡ_ಕಾಳಿತೀರ · ಜೂನ್ 7

ನಿಮ್ಮ ಅಪ್ಪನಿಗೆ ಹೇಳಿ, ನದಿಯ ಈ ಕಡೆ ಒಬ್ಬ ಜೂನ್ 1ಕ್ಕೇ ಬಿಟ್ಟಿದ್ದಾನೆ ಅಂತ. ಏಳನೇ ದಿನ.

ಬೈತಖೋಲ_ಮಗ · ಆಗಸ್ಟ್ 19

ತುಂಬಾ ದಿನ ಬರೆಯಲಿಲ್ಲ. 61 ದಿನ ಅಪ್ಪ ಒಂದೂ ಸೇದಲಿಲ್ಲ. ಬಂದರಿನ ಏರಿನಲ್ಲಿ ಎರಡು ಕಡೆ ನಿಲ್ಲುತ್ತಿದ್ದವರು ಜುಲೈ ಕೊನೆಗೆ ಒಂದೇ ಕಡೆ ನಿಲ್ಲುತ್ತಿದ್ದರು. ಅಮ್ಮನನ್ನೂ ಊದಿಸಿದೆ, ಅವರದು ಸದ್ಯ ಪರವಾಗಿಲ್ಲ. ಅಂಕೋಲೆ ಅಕ್ಕನಿಗೆ ಧನ್ಯವಾದ.

ಆಗಸ್ಟ್ 1ಕ್ಕೆ ಬೋಟ್ ಇಳಿಯಿತು. ಮೂರನೇ ಟ್ರಿಪ್ಪಿನಲ್ಲಿ ಬಲೆ ಕಲ್ಲಿಗೆ ಸಿಕ್ಕಿ ಹರಿಯಿತು. ರಾತ್ರಿ ಎಲ್ಲ ಖಲಾಸಿಗಳೂ ಕೇಬಿನ್ನಿನಲ್ಲಿ ಕೂತು ಸೇದುತ್ತಿದ್ದರಂತೆ, ಅಪ್ಪನೂ ಎರಡು ಸೇದಿದರು. ದಡಕ್ಕೆ ಬಂದವರು ನೇರ ಮನೆಗೆ ಬಂದು ಅಮ್ಮನಿಗೆ ಹೇಳಿದರು. ಮುಚ್ಚಿಡಲಿಲ್ಲ. ಮುಖ ನೋಡಿದರೆ ಏನೋ ದೊಡ್ಡ ಅಪರಾಧ ಮಾಡಿದವರ ಹಾಗಿತ್ತು. ಇನ್ನು ನನ್ನಿಂದ ಆಗುವುದಿಲ್ಲ ಅಂದರು. ಅವತ್ತಿನಿಂದ ಮತ್ತೆ ಸೇದಿಲ್ಲ, ಇವತ್ತಿಗೆ ಹನ್ನೊಂದು ದಿನ. ಆದರೆ ಬೋಟಿನಲ್ಲಿ ಉಳಿದ ಏಳು ಜನ ಸೇದುತ್ತಾರೆ. ತಾಂಡೇಲ ಅಂತ ಹೇಳಿದರೆ ಕೇಳುತ್ತಾರೆ, ಆದರೆ ಅಪ್ಪನಿಗೆ ಹೇಳಲು ಸಂಕೋಚ. ಯಾರಾದರೂ ಬೋಟಿನಲ್ಲಿ ಇದನ್ನು ಹೇಗೆ ಮಾಡಿದಿರಿ?

ಹೊನ್ನಾವರ_ಶರಾವತಿ · ಆಗಸ್ಟ್ 19

ಎರಡು ಬೀಡಿಗೆ 61 ದಿನ ಹಾಳಾಗುವುದಿಲ್ಲ, ಅದನ್ನು ಮೊದಲು ಅಪ್ಪನಿಗೆ ಹೇಳಿ. ನಮ್ಮ ಭಾವನ ಬೋಟಿನಲ್ಲಿ ಕೇಬಿನ್ ಒಳಗೆ ಯಾರೂ ಸೇದುವಂತಿಲ್ಲ. ಡೀಸೆಲ್ ಇದೆ, ಅಡುಗೆಯ ಗ್ಯಾಸ್ ಸಿಲಿಂಡರ್ ಇದೆ, ಬೆಂಕಿ ಬಿದ್ದರೆ ಓಡಲು ಜಾಗವಿಲ್ಲ. ಈ ಕಾರಣ ಹೇಳಿದರೆ ಯಾರಿಗೂ ಬೇಸರವಾಗುವುದಿಲ್ಲ, ತಾಂಡೇಲನಿಗೂ ತನ್ನ ವಿಷಯ ಎತ್ತಬೇಕಾಗಿಲ್ಲ. ಸೇದುವವರು ಹಿಂದಿನ ತುದಿಗೆ ಹೋಗುತ್ತಾರೆ. ಮಳೆ ಗಾಳಿಯಲ್ಲಿ ಅಲ್ಲಿ ನಿಲ್ಲುವುದು ಕಷ್ಟ, ಇಬ್ಬರು ತಾವಾಗಿಯೇ ಕಡಿಮೆ ಮಾಡಿದ್ದಾರೆ. ಅವರಿಗೂ ಬಿಡಲು ಹೇಳುತ್ತಿದ್ದೇವೆ.

ಬೈತಖೋಲ_ಮಗ · ಆಗಸ್ಟ್ 20

ಸಿಲಿಂಡರಿನ ಮಾತು ಅಪ್ಪನಿಗೆ ಸರಿ ಅನ್ನಿಸಿತು. ಇವತ್ತು ಸಂಜೆ ಐಸ್ ತುಂಬುವಾಗ ಎಲ್ಲರ ಎದುರು ಹೇಳಿದರು. ಖಲಾಸಿಗಳಲ್ಲಿ ಒಬ್ಬ ಹುಡುಗ, ಇಪ್ಪತ್ತೆರಡು ವರ್ಷ ಇರಬೇಕು, ಆಮೇಲೆ ನನ್ನ ಹತ್ತಿರ ಬಂದು ಆ ಗಮ್ ಎಲ್ಲಿ ಸಿಗುತ್ತದೆ ಅಂತ ಕೇಳಿದ. ಬೆಳಗಿನ ಜಾವ ಮೂರಕ್ಕೆ ಬೋಟ್ ಹೊರಡುತ್ತದೆ. ಅಪ್ಪನ ಚೀಲಕ್ಕೆ ಎರಡು ಪಟ್ಟಿ ಹಾಕಿದ್ದೇನೆ, ಅವನಿಗೆ ಒಂದು ಕೊಟ್ಟೆ, ಹೇಗೆ ಜಗಿಯಬೇಕು ಅಂತ ತೋರಿಸಿಕೊಟ್ಟೆ.